ಬೇವಿನ ನೆರಳಿನಲ್ಲೊಂದು ಟ್ರಾಕ್ಟರು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವವರು ಹರಿಹರದ ಬಳಿ ತುಂಗಭದ್ರೆಯನ್ನು ದಾಟುವಾಗ ಕಣ್ಣಿನೊಡನೆ ಕಿವಿಯನ್ನೂ ತೆರೆದಿಟ್ಟುಕೊಂಡಿರಬೇಕು. ಬೆಂಗಳೂರು ಬಿಡುವಾಗ “ಬನ್ನಿ, ಕೂತ್ಕೊಳ್ಳಿ” ಎಂದಿದ್ದ ಮಾತು ದಾವಣಗೆರೆಯ ಹೊತ್ತಿಗೆ ಸ್ವಲ್ಪ ಸಡಿಲಗೊಂಡು, ಹೊಳೆಯ ಆಚೆಗೆ ಹೋದೊಡನೆ ಪೂರ್ತಿಯಾಗಿ “ಬರ್ರಿ, ಕುಂದರ್ರಿ” ಎಂದಾಗಿಬಿಡುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಈ ಹೊಳೆಯೇ ಇಲ್ಲಿ ಮೈಸೂರಿಗೂ ಮುಂಬಯಿ ರಾಜ್ಯಕ್ಕೂ ನಡುವಣ ಎಲ್ಲೆಯಾಗಿತ್ತು. ಈಗ ಈಚೆಯದು ದಾವಣಗೆರೆ ಜಿಲ್ಲೆ, ಆಚೆಯದು ಹಾವೇರಿ ಜಿಲ್ಲೆ, ಅಷ್ಟೇ ವ್ಯತ್ಯಾಸ.

ಆಚೆಯ ನೆಲ ಎರಡು ಬಣ್ಣದ್ದು. ಒಂದು ಕಡೆ ಕೆಂಪಾದ ಮಸಾರಿ, ಒಂದು ಕಡೆ ಕಪ್ಪಾದ ಎರೆ. ರಾಣಿಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ರೈಲುಗಾಡಿ ನಿಲ್ಲುತ್ತ ಸಾಗುವಾಗ ಕಿಟಕಿಯಾಚೆ ಈ ಎರಡು ಬಣ್ಣಗಳೂ ಒಂದರ ಹಿಂದೊಂದು ಬಂದು ಹೋಗುತ್ತವೆ. ಮಳೆಗಾಲದಲ್ಲಿ ಬಂದರೆ ಗೋವಿನಜೋಳ, ಹತ್ತಿ, ಮೆಣಸಿನ ಗಿಡಗಳ ಹಸುರಿನಲ್ಲಿ ಮಣ್ಣಿನ ಬಣ್ಣ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಬರಬೇಕು. ಆಗ ಎರೆಯ ಹೊಲ ಬಾಯಿಬಿಟ್ಟು ನಿಂತಿರುತ್ತದೆ. ಬಿರುಕಿನೊಳಗೆ ಮೊಣಕೈಯವರೆಗೆ ಕೈ ಇಳಿಸಬಹುದು.

ಈ ಎರೆಯ ಸ್ವಭಾವವನ್ನು ನಗರದ ಓದುಗರಿಗೆ ಸ್ವಲ್ಪ ವಿವರಿಸಿ ಹೇಳಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಒಣಗಿದಾಗ ಅದು ಕಲ್ಲು. ಚೆನ್ನಾಗಿ ನೆನೆದಾಗ ಅಂಟು. ಕಾಲಿಟ್ಟರೆ ಚಪ್ಪಲಿಯನ್ನು ಮರಳಿ ಕೊಡುವುದಿಲ್ಲ. ಈ ಎರಡರ ನಡುವೆ, ಮಳೆ ಬಿದ್ದ ಮೇಲೆ, ಕೆಲವೇ ದಿನಗಳ ಮಟ್ಟಿಗೆ ಮಣ್ಣು ಮೃದುವಾಗಿ ಪುಡಿಪುಡಿಯಾಗುವಂತಿರುತ್ತದೆ. ಅದಕ್ಕೆ ಹದ ಎಂದು ಹೆಸರು. ಹದದೊಳಗೆ ಹೊಲವನ್ನು ಹಸನು ಮಾಡಿ ಬಿತ್ತಿದವನೇ ರೈತ. “ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ” ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ರೋಹಿಣಿ ಬಂದ ದಿನ ಮನೆಯ ಎತ್ತು ಮಲಗಿದ್ದರೆ ಏನಾಗುವುದೆಂದು ಆ ಗಾದೆ ಹೇಳುವುದಿಲ್ಲ.

ನನ್ನ ಸೋದರಮಾವನ ಮನೆಯಲ್ಲಿ ಕಳೆದ ವರ್ಷ ಮಲಗಿದ್ದುದು ಎತ್ತಲ್ಲ, ಟ್ರಾಕ್ಟರು. ಎತ್ತುಗಳನ್ನು ಮಾರಿ ಬಹಳ ಕಾಲವಾಗಿತ್ತು.

ರಾಣಿಬೆನ್ನೂರಿನಿಂದ ಎರಡು ಹರದಾರಿ ಒಳಗೆ ಅವರ ಊರು. ಹೊಲದಲ್ಲಿಯೇ ಮನೆ. ಮುಂದೆ ಕಣ, ಕಣದ ಅಂಚಿಗೆ ಒಂದು ಹಿರಿಯ ಬೇವಿನ ಮರ, ಅದರ ಕೆಳಗೆ ಈ ಟ್ರಾಕ್ಟರು. ಒಂದು ಕಾಲದಲ್ಲಿ ಅದಕ್ಕೆ ಯಾವ ಬಣ್ಣ ಬಳಿದಿದ್ದರೆಂಬುದನ್ನು ಬಿಸಿಲು ಮರೆಯಿಸಿಬಿಟ್ಟಿದೆ. ಮೂತಿಯ ಮೇಲೆ ಎಚ್.ಎಂ.ಟಿ. ಎಂಬ ಮೂರು ಅಕ್ಷರಗಳು ಮಾತ್ರ ಉಳಿದಿವೆ. ಮಾವ ಅದನ್ನು ಕೊಂಡದ್ದು 1976ರಲ್ಲಿ, ಭೂಅಭಿವೃದ್ಧಿ ಬ್ಯಾಂಕಿನ ಸಾಲದಿಂದ. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು.

ಎಚ್.ಎಂ.ಟಿ. ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಕೈಗಡಿಯಾರ. ಮದುವೆಯಲ್ಲಿ ಅಳಿಯನಿಗೆ, ಪಾಸಾದ ಮಗನಿಗೆ, ನಿವೃತ್ತರಾದ ಗುಮಾಸ್ತರಿಗೆ ಕೊಡುತ್ತಿದ್ದ ಗಡಿಯಾರ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಮೊದಲು ಮಾಡಿದ್ದು ಲೇತುಗಳನ್ನು, 1961ರಿಂದ ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ ಗಡಿಯಾರಗಳನ್ನು, 1971ರಿಂದ ಟ್ರಾಕ್ಟರುಗಳನ್ನು. ಟ್ರಾಕ್ಟರಿನ ಕಾರ್ಖಾನೆ ಇದ್ದುದು ಹರಿಯಾಣದ ಪಿಂಜೋರಿನಲ್ಲಿ. ಸಿಮ್ಲೆಗೆ ಹೋಗುವ ಪ್ರವಾಸಿಗಳು ಕಾಲ್ಕಾ ತಲುಪುವ ಮೊದಲು ಮೊಗಲರ ರೀತಿಯ ಒಂದು ತೋಟವನ್ನು ನೋಡಲು ಇಳಿಯುತ್ತಾರಲ್ಲ, ಅದೇ ಪಿಂಜೋರು. ಅಲ್ಲಿ ಮೊದಲು ತಯಾರಾದ ಟ್ರಾಕ್ಟರಿನ ಹೆಸರು 2511. ಎರಡು ಸಿಲಿಂಡರು, ಇಪ್ಪತ್ತೈದು ಕುದುರೆಯ ಶಕ್ತಿ.

ಅದರ ಮೂಲ ವಿನ್ಯಾಸ ಮಾತ್ರ ಇನ್ನೂ ದೂರದ್ದು. ಚೆಕೊಸ್ಲೊವಾಕಿಯದ ಬ್ರನೋ ನಗರದಲ್ಲಿ ಒಂದು ಆಯುಧದ ಕಾರ್ಖಾನೆಯಿತ್ತು. ನಮ್ಮ ಸೈನ್ಯದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಬ್ರೆನ್ ಗನ್ ಎಂಬ ಬಂದೂಕಿನ ಹೆಸರಿನ ಅರ್ಧಭಾಗ ಈ ಬ್ರನೋದಿಂದ ಬಂದದ್ದು; ಉಳಿದರ್ಧ ಇಂಗ್ಲೆಂಡಿನ ಎನ್‌ಫೀಲ್ಡಿನದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಕಾರ್ಖಾನೆಯವರು ಉಳುವ ಯಂತ್ರ ಮಾಡಲು ಹೊರಟರು. 1946ರಲ್ಲಿ ಹೊರಬಂದ ತಮ್ಮ ಟ್ರಾಕ್ಟರಿಗೆ ಜೆಟರ್ ಎಂದು ಹೆಸರಿಟ್ಟರು. ಕಾರ್ಖಾನೆಯ ಹೆಸರಿನ ಮೊದಲ ಅಕ್ಷರವನ್ನು ಆ ಭಾಷೆಯಲ್ಲಿ ‘ಜೆಟ್’ ಎಂದು ಓದುತ್ತಾರೆ. ಅದಕ್ಕೆ ಟ್ರಾಕ್ಟರ್ ಎಂಬುದರ ಬಾಲವನ್ನು ಅಂಟಿಸಿದರೆ ಜೆಟರ್. ಪೂರ್ವ ಯುರೋಪಿನ ದೇಶಗಳೊಡನೆ ನಮ್ಮ ಸರಕಾರ ರೂಪಾಯಿಯಲ್ಲಿಯೇ ವ್ಯಾಪಾರ ಮಾಡುತ್ತಿದ್ದ ಕಾಲವದು. ಡಾಲರಿನ ಕೊರತೆಯಲ್ಲಿ ನಮ್ಮ ರೈತನಿಗೆ ದೊರಕಿದ್ದು ಇಂಥ ಟ್ರಾಕ್ಟರುಗಳು. ಹಾವೇರಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಎಚ್.ಎಂ.ಟಿ.ಯನ್ನು ಇಂದಿಗೂ “ಜೀಟರ್” ಎಂದೇ ಕರೆಯುತ್ತಾರೆ. ಬ್ರನೋದವರು ಕೇಳಿದರೆ ತಲೆದೂಗಿಯಾರು.

2016ರಲ್ಲಿ ಕೇಂದ್ರ ಸರಕಾರ ಪಿಂಜೋರಿನ ಟ್ರಾಕ್ಟರು ವಿಭಾಗವನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಬೇವಿನ ನೆರಳಿನ ಈ ಯಂತ್ರಕ್ಕೆ ಅದು ತಿಳಿಯಲಿಲ್ಲ. ಮುಂದೆಯೂ ಎಂಟು ಬಿತ್ತಿಗೆಗಳನ್ನು ಅದು ಮುಗಿಸಿತು.

ನಾನು ಹೋದದ್ದು ಮೇ ತಿಂಗಳ ಎರಡನೆಯ ವಾರ, ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆಯಾದುದನ್ನು ವಿಚಾರಿಸಲು. ಆದರೆ ಮನೆಯಲ್ಲಿ ಅತ್ತೆಯ ಕಣ್ಣಿನ ಮಾತು ಯಾರೂ ಆಡುತ್ತಿರಲಿಲ್ಲ. ಮಾವನ ಮಗ ನನ್ನ ಕೈಯ ಚೀಲವನ್ನು ಇಸಿದುಕೊಂಡವನೇ, “ಭಾವಾ, ಇಲ್ಲಿ ನೋಡ್ರಿ” ಎಂದು ಟ್ರಾಕ್ಟರಿನ ಬಳಿಗೆ ಕರೆದೊಯ್ದು, ಎಂಜಿನ್ನಿನ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ತೋರಿಸಿದ. ಎಣ್ಣೆ ಕಪ್ಪಾಗಿರಲಿಲ್ಲ, ಹಾಲು ಹೆಚ್ಚಾದ ಚಹದ ಬಣ್ಣಕ್ಕೆ ತಿರುಗಿತ್ತು. ಮೇಲಾಗಿ, ಯಾರೂ ಎಣ್ಣೆ ಹೊಯ್ಯದಿದ್ದರೂ ಅದರ ಮಟ್ಟ ದಿನದಿನಕ್ಕೆ ಏರುತ್ತಿತ್ತು. ರೇಡಿಯೇಟರಿನ ನೀರು ಇಳಿಯುತ್ತಿತ್ತು.

ಕಾರಿಟ್ಟುಕೊಂಡಿರುವ ಓದುಗರಿಗೆ ಇದರ ಅರ್ಥ ಕೂಡಲೆ ಹೊಳೆದಿರುತ್ತದೆ. ಎಂಜಿನ್ನನ್ನು ತಣ್ಣಗಿಡಬೇಕಾದ ನೀರು ಎಲ್ಲಿಯೋ ದಾರಿ ಮಾಡಿಕೊಂಡು, ಎಂಜಿನ್ನನ್ನು ನುಣ್ಣಗಿಡಬೇಕಾದ ಎಣ್ಣೆಯೊಳಗೆ ಸೇರುತ್ತಿದೆ. ನೀರು ಕಲೆತ ಎಣ್ಣೆಗೆ ಕಬ್ಬಿಣವನ್ನು ಕಬ್ಬಿಣದಿಂದ ಬೇರೆಯಾಗಿ ಹಿಡಿಯುವ ಶಕ್ತಿಯಿರುವುದಿಲ್ಲ.

ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. ಮಗನದು ಮಾರಿಬಿಡುವ ಪಕ್ಷ. ಗುಜರಿಯವನು ಒಂದು ಬೆಲೆ ಹೇಳಿ ಹೋಗಿದ್ದ. ಆ ಹಣಕ್ಕೆ ಇನ್ನಷ್ಟು ಸೇರಿಸಿ, ಬ್ಯಾಂಕಿನಲ್ಲಿ ಸಾಲವೆತ್ತಿ ಹೊಸದು ತರಬೇಕು. ಅಲ್ಲಿಯ ತನಕ ತಾಸಿಗಿಷ್ಟೆಂದು ಬಾಡಿಗೆ ಕೊಟ್ಟು ಉಳಿಸಬೇಕು—ಎಂದರೆ ಉಳುಮೆ ಮಾಡಿಸಬೇಕು—ಎಂಬುದು ಅವನ ವಾದ. ಮಾವನ ಪ್ರಶ್ನೆ ಒಂದೇ: “ಹದ ಬಂದ ದಿವಸ ಊರಾಗಿನ ಬಾಡಿಗೀ ಟ್ರಾಕ್ಟರು ಯಾರ ಹೊಲದಾಗ ಇರತಾವು?” ಎಲ್ಲರಿಗೂ ಒಂದೇ ದಿನ ಹದ ಬರುತ್ತದೆ. ಬಾಡಿಗೆಯ ಟ್ರಾಕ್ಟರು ಮೊದಲು ದೊಡ್ಡ ಹಿಡುವಳಿಗೆ ಹೋಗುತ್ತದೆ; ಹನ್ನೆರಡು ಎಕರೆಯವನ ಸರದಿ ಬರುವಷ್ಟರಲ್ಲಿ ಮಣ್ಣು ಮತ್ತೆ ಕಲ್ಲಾಗಿರುತ್ತದೆ. ಸಾಲದ ವಿಷಯದಲ್ಲಿ ಮಾವ ಏನೂ ಹೇಳಲಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಒಂದು ವರ್ಷ ಮಳೆ ಬಾರದೆ ಗೋವಿನಜೋಳ ಒಣಗಿದ್ದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ನೆನೆಸಿಕೊಳ್ಳಬೇಕಾಗಿರಲಿಲ್ಲ.

ಮರುದಿನ ಬೆಳಗ್ಗೆ ಮೇಸ್ತ್ರಿ ಬಂದರು. ಎಪ್ಪತ್ತು ದಾಟಿದ ಮುದುಕರು. ತೆಳ್ಳಗಿನ ಮೈ, ದಪ್ಪ ಗಾಜಿನ ಕನ್ನಡಕ. ಹತ್ತಾರು ಹಳ್ಳಿಗಳ ಹಳೆಯ ಟ್ರಾಕ್ಟರುಗಳಿಗೆ ಇವರೇ ವೈದ್ಯರು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅವರು ಎಂಜಿನ್ನಿನ ತಳದ ತಿರುಪನ್ನು ಸ್ವಲ್ಪವೇ ಸಡಿಲಿಸಿದರು. ಮೊದಲು ಬಂದದ್ದು ಎಣ್ಣೆಯಲ್ಲ, ಅಚ್ಚ ನೀರು. ರಾತ್ರಿಯೆಲ್ಲ ನಿಂತಿದ್ದ ಎಂಜಿನ್ನಿನಲ್ಲಿ ಭಾರವಾದ ನೀರು ತಳಕ್ಕಿಳಿದು, ಎಣ್ಣೆ ಮೇಲೆ ನಿಂತಿತ್ತು. ಮೇಸ್ತ್ರಿ ಆ ನೀರನ್ನು ಅಂಗೈಯಲ್ಲಿ ಹಿಡಿದು, ಮೂಸಿ, ಚೆಲ್ಲಿದರು.

ನೀರು ಒಳಗೆ ಬರುವ ಬಾಗಿಲುಗಳು ಮುಖ್ಯವಾಗಿ ಮೂರು. ಸಿಲಿಂಡರಿನ ಮೇಲ್ಮುಚ್ಚಳ, ಅಂದರೆ ಹೆಡ್ಡು, ಬಿರಿದಿರಬಹುದು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ಟು ಸುಟ್ಟಿರಬಹುದು. ಇಲ್ಲವೇ ಲೈನರಿನ ಕೆಳಗಿನ ರಬ್ಬರ್ ಬಳೆಗಳು ಸತ್ತಿರಬಹುದು. ಈ ಜಾತಿಯ ಎಂಜಿನ್ನಿನಲ್ಲಿ ಪಿಸ್ಟನ್ನು ಏರಿಳಿಯುವ ಕೊಳವೆಯನ್ನು ಬೇರೆಯಾಗಿ ಮಾಡಿ ಬ್ಲಾಕಿನೊಳಗೆ ಇಳಿಬಿಟ್ಟಿರುತ್ತಾರೆ. ಅದೇ ಲೈನರು. ಅದರ ಹೊರಮೈಯ ಸುತ್ತ ನೀರು ಆಡುತ್ತದೆ. ಬಾವಿಯಲ್ಲಿ ಇಳಿಬಿಟ್ಟ ಕೊಡದಂತೆ. ಕೆಳತುದಿಯಲ್ಲಿ ಆ ನೀರನ್ನು ಎಣ್ಣೆಯ ಕೋಣೆಗೆ ಇಳಿಯಗೊಡದೆ ತಡೆದಿರುವುದು ಕೇವಲ ಕಿರುಬೆರಳಿಗಿಂತ ತೆಳುವಾದ ರಬ್ಬರಿನ ಬಳೆಗಳು. ಸವೆದಾಗ ಕೊಳವೆಯನ್ನೇ ಕಿತ್ತು ಹೊಸದನ್ನು ಹಾಕಬಹುದೆಂಬುದು ಈ ಏರ್ಪಾಟಿನ ಗುಣ. ಬಳೆಗಳ ಮೇಲೆ ಇಷ್ಟು ದೊಡ್ಡ ಹೊಣೆ ಬೀಳುವುದು ಅದರ ದೋಷ.

ಮೂರರಲ್ಲಿ ಯಾವುದು? ನಾನು ಹೆಡ್ಡನ್ನು ಬಿಚ್ಚುವರೆಂದು ಕಾದೆ. ಮೇಸ್ತ್ರಿ ಬಿಚ್ಚಿದ್ದು ತಳದ ಎಣ್ಣೆತೊಟ್ಟಿಯನ್ನು. ಆಮೇಲೆ ರೇಡಿಯೇಟರಿಗೆ ಕಂಠದವರೆಗೆ ನೀರು ತುಂಬಿಸಿ, ಟ್ರಾಕ್ಟರಿನ ಕೆಳಗೆ ಒಂದು ಹಳೆಯ ಸುದ್ದಿಪತ್ರಿಕೆಯನ್ನು ಹಾಸಿ, ಬೇವಿನ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತರು.

“ನೀರು ಎಲ್ಲಿಂದ ಇಳೀತೈತಿ ಅಂತ ಅದ ಹೇಳತೈತ್ರಿ. ನಾವು ಸುಮ್ಮ ಕುಂದರಬೇಕು” ಎಂದರು.

ಸುಮಾರು ಎರಡು ತಾಸಿನ ಮೇಲೆ ಮಾವನ ಮೊಮ್ಮಗಳು—ರಾಣಿಬೆನ್ನೂರಿನ ಕಾಲೇಜಿನಲ್ಲಿ ಓದುವವಳು—ತನ್ನ ಫೋನಿನ ದೀಪ ಹಿಡಿದು ಕೆಳಗೆ ತೂರಿ ಮಲಗಿ, “ಹಿಂದಿನ ಲೈನರು, ಅಜ್ಜಾ! ಎಡಕ್ಕ ಹನಿ ಹಿಡದೈತಿ” ಎಂದು ಕೂಗಿದಳು. ಮುತ್ತಿನಂಥ ಒಂದು ಹನಿ, ಲೈನರಿನ ಅಂಚಿನಲ್ಲಿ ಬೆಳೆದು, ಕಾಗದದ ಮೇಲೆ ತಟ್ಟೆಂದು ಬಿತ್ತು. ಸುಖಾಸುಮ್ಮನೆ ಹೆಡ್ಡನ್ನು ದೂರಿ ಹೊಸ ಹೆಡ್ಡು ತರಿಸುವ ಖರ್ಚು ಆ ಒಂದು ಹನಿಯಿಂದ ಉಳಿಯಿತು. ನಗರದ ದೊಡ್ಡ ಕಾರ್ಖಾನೆಗಳಲ್ಲಿ ಇಷ್ಟು ಹೊತ್ತು ಸುಮ್ಮನೆ ಕೂಡುವವರಿಗೆ ಸಂಬಳ ಕೊಡುವುದಿಲ್ಲವೆಂದು ನನ್ನ ಅನಿಸಿಕೆ.

ಬಳೆಗಳ ರೋಗವೆಂದರೆ ಚಿಕ್ಕ ರೋಗ. ಮನೆಯವರ ಮುಖದಲ್ಲಿ ಗೆಲುವು ಮೂಡಿತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡೇ ಬಂದು ಎಲ್ಲರಿಗೂ ಗಿರಮಿಟ್ಟು, ಚಹ ಕೊಟ್ಟರು. ಆದರೆ ಮೇಸ್ತ್ರಿ ಎದ್ದು ಹೋಗಿ ಕನೆಕ್ಟಿಂಗ್ ರಾಡಿನ ಕೆಳಗಿನ ಮುಚ್ಚಳವನ್ನು ತೆಗೆದು, ಒಳಗಿನ ಬೇರಿಂಗ್ ಶೆಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮಾವನ ಕೈಗಿತ್ತರು. ಕನ್ನಡಿಯಂತಿರಬೇಕಾದ ಅದರ ಮೈಯಲ್ಲಿ ಉಗುರಿಗೆ ತಾಗುವಂಥ ಗೀರುಗಳು. ನೀರೆಣ್ಣೆಯಲ್ಲಿ ಎಷ್ಟು ದಿನ ಓಡಿತ್ತೋ ಅಷ್ಟು ದಿನಗಳ ಲೆಕ್ಕ ಅದರಲ್ಲಿ ಬರೆದಿತ್ತು.

ಶೆಲ್ಲಿಗೆ ಗೀರು ಬಿದ್ದರೆ ಅದು ಅಪ್ಪಿಕೊಂಡಿರುವ ಕ್ರ್ಯಾಂಕ್‌ಶಾಫ್ಟಿಗೂ ಬಿದ್ದಿರಲೇಬೇಕು. ಕ್ರ್ಯಾಂಕನ್ನು ಹೊರಕ್ಕೆ ತೆಗೆಯಬೇಕೆಂದರೆ ಟ್ರಾಕ್ಟರನ್ನು ಎರಡು ಭಾಗ ಮಾಡಬೇಕು. ಲಾರಿ, ಬಸ್ಸುಗಳಿಗಿರುವಂತೆ ಟ್ರಾಕ್ಟರಿಗೆ ಉದ್ದಕ್ಕೂ ಹಾದುಹೋಗುವ ಚೌಕಟ್ಟಿರುವುದಿಲ್ಲ. ಎಂಜಿನ್ನು, ಕ್ಲಚ್ಚಿನ ಮನೆ, ಗೇರುಪೆಟ್ಟಿಗೆ ಇವೇ ಒಂದಕ್ಕೊಂದು ಬೋಲ್ಟುಗಳಿಂದ ಕೂಡಿ ಬೆನ್ನೆಲುಬಾಗಿರುತ್ತವೆ. ಆದ್ದರಿಂದ ಎಂಜಿನ್ನನ್ನು ಕಳಚಿದರೆ ಹಿಂದಿನ ಅರ್ಧ ಮೂಗು ಕುಯ್ದಂತೆ ನಿಲ್ಲುತ್ತದೆ. ಈ ಕೆಲಸ ನಡೆದದ್ದು ಯಾವ ಶೆಡ್ಡಿನಲ್ಲಿಯೂ ಅಲ್ಲ. ಬೇವಿನ ದಪ್ಪ ಕೊಂಬೆಗೆ ಗೋಣಿ ಸುತ್ತಿ ಅದರ ಮೇಲೆ ಸರಪಳಿಯ ರಾಟೆ. ಗೇರುಪೆಟ್ಟಿಗೆಯ ಕೆಳಗೆ ಹಳೆಯ ಬಂಡಿಯ ಅಚ್ಚುಮರದ ತುಂಡುಗಳು. ಅಕ್ಕಪಕ್ಕದ ಹೊಲಗಳ ನಾಲ್ವರು ಗಂಡಸರು. ಬೋಲ್ಟುಗಳನ್ನು ಮೇಸ್ತ್ರಿ ಬಿಚ್ಚಿದ ಕ್ರಮದಲ್ಲಿಯೇ ಒಂದು ರಟ್ಟಿನ ಹಾಳೆಗೆ ಚುಚ್ಚಿಟ್ಟರು. ಮೊಮ್ಮಗಳು ಪ್ರತಿಯೊಂದರ ಪಕ್ಕದಲ್ಲಿ ಅದರ ಸ್ಥಾನವನ್ನು ಬರೆದಳು. ಲೈನರುಗಳನ್ನು ಎಳೆದು ತೆಗೆದಾಗ ರಬ್ಬರ್ ಬಳೆಗಳು ಹಪ್ಪಳದಂತೆ ಮುರಿದು ಕೈಗೆ ಬಂದವು.

ಕ್ರ್ಯಾಂಕನ್ನು ಗೋಣಿಯ ಮೇಲಿರಿಸಿ, ಒರೆಸಿ, ಮೇಸ್ತ್ರಿ ಮೈಕ್ರೋಮೀಟರಿನಿಂದ ಅಳೆದರು. ಒಂದು ಸಲ ಅಳೆದು, ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ಅಳೆದರು. ಗೀರು ಬಿದ್ದ ಕ್ರ್ಯಾಂಕನ್ನು ಸಾಣೆಯ ಯಂತ್ರದಲ್ಲಿ ಸ್ವಲ್ಪ ತೆಳುವಾಗಿಸಿ, ಅಷ್ಟೇ ದಪ್ಪವಾದ ಶೆಲ್ಲುಗಳನ್ನು ಹಾಕುವುದು ವಾಡಿಕೆ. ಸಾಮಾನ್ಯವಾಗಿ ಒಂದು ಸಲಕ್ಕೆ ಕಾಲು ಮಿಲಿಮೀಟರು. ಹೀಗೆ ಮೂರು ಬಾರಿ ಈ ಕ್ರ್ಯಾಂಕ್ ಸಾಣೆ ಕಂಡಿತ್ತು. ಹಳೆಯ ಶೆಲ್ಲುಗಳ ಬೆನ್ನ ಮೇಲೆ ಆ ಅಳತೆ ಒತ್ತಿತ್ತು.

“ಗೌಡ್ರ, ಇನ್ನೊಮ್ಮಿ ಗ್ರೈಂಡ್ ಮಾಡಸಾಕ ಬರತೈತಿ. ಅದರ ಇದ ಕಡೀದು. ಮುಂದ ಈ ಅಳತೀಗೆ ಶೆಲ್ಲು ಸಿಗೂದಿಲ್ಲ, ಕ್ರ್ಯಾಂಕಿಗೂ ತಡಿಯೂ ಶಕ್ತಿ ಇರೂದಿಲ್ಲ.”

ಕಣದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾವನ ಮಗ ತಗ್ಗಿದ ದನಿಯಲ್ಲಿ ತನ್ನ ಲೆಕ್ಕವನ್ನು ಮತ್ತೊಮ್ಮೆ ಹೇಳಿದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೈನರು, ಪಿಸ್ಟನ್ನು, ಬಳೆ, ಶೆಲ್ಲು, ಸಾಣೆ, ಕೂಲಿ ಎಲ್ಲ ಸೇರಿದರೂ ಹೊಸ ಟ್ರಾಕ್ಟರಿನ ಬೆಲೆಯಲ್ಲಿ ಹತ್ತರಲ್ಲೊಂದು ಪಾಲಾಗುವುದಿಲ್ಲ, ನಿಜ. ಆದರೆ ಅದು ಇನ್ನೊಂದು ಸಲ ರಿಪೇರಿಯಾಗದ ವಸ್ತುವಿಗೆ ಹಾಕುವ ಹಣ. ನನ್ನನ್ನು ಕೇಳಿದ್ದರೆ ನಾನೂ ಅವನ ಕಡೆಗೇ ವಾಲುತ್ತಿದ್ದೆನೋ ಏನೋ. ಅಳಿಯನನ್ನು ಯಾರೂ ಕೇಳಲಿಲ್ಲ.

ಮಾವ ಕ್ರ್ಯಾಂಕಿನ ಮೇಲೆ ಬೆರಳಾಡಿಸುತ್ತ, “ಈ ಸಲ ಮಾಡಿದರ ಎಷ್ಟು ವರ್ಷ ನಡೀತೈತಿ?” ಎಂದರು.

“ನೀರು ಎಣ್ಣಿ ಸರಿ ನೋಡಿಕೊಂಡರ ಎಂಟು, ಹತ್ತು.”

“ಹತ್ತು ವರ್ಷದಾಗ ಈ ಹುಡುಗಿ ನೌಕರಿ ಹಿಡದು, ಲಗ್ನ ಆಗಿ, ಹೊಸಾದು ತರೂ ತ್ರಾಣ ಮನಿಗೆ ಬರಲಿ. ಅಲ್ಲೀತನಾ ಸಾಲ ಬ್ಯಾಡ. ಮಾಡಸ್ರಿ.” ಮಗ ತಲೆಯಾಡಿಸಿ ಒಳಕ್ಕೆ ಹೋಗಿ, ಹಣ ತರಲು ಟ್ರಂಕಿನ ಬೀಗ ತೆಗೆದ ಸದ್ದಾಯಿತು.

ಕ್ರ್ಯಾಂಕನ್ನು ದಾವಣಗೆರೆಗೆ ಒಯ್ಯುವ ಕೆಲಸದಲ್ಲಿ ಮೇಸ್ತ್ರಿಗೆ ಜೊತೆಯಾದವನು ನಾನು. ಗೋಣಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಸಾರಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಅದನ್ನು ಕೂಡಿಸಿಕೊಂಡೆವು. ಕಂಡಕ್ಟರು ಗೋಣಿಯನ್ನೂ ನನ್ನನ್ನೂ ನೋಡಿ, “ಅದಕ್ಕ ಲಗೇಜು ತಗೋರಿ” ಎಂದ. ಮೇಸ್ತ್ರಿ, “ಪೇಶಂಟಪಾ, ದವಾಖಾನಿಗೆ ಒಯ್ಯಾಕತ್ತೀವಿ” ಎಂದರು. ಬಸ್ಸೆಲ್ಲ ನಕ್ಕಿತು, ಲಗೇಜಿನ ಚೀಟಿ ಮಾತ್ರ ತಪ್ಪಲಿಲ್ಲ.

ಹೊಳೆಯಲ್ಲಿ ನೀರು ಕಡಿಮೆಯಿತ್ತು. ಹರಿಹರ ಬಂದಾಗ ಯಾತ್ರಿಕರು ಸಾಮಾನ್ಯವಾಗಿ 1224ರಲ್ಲಿ ಹೊಯ್ಸಳರ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ನೆನೆದು ಕೈಮುಗಿಯುತ್ತಾರೆ. ಮೇಸ್ತ್ರಿ ಗುಡಿಗೂ ಕೈಮುಗಿದರು. ಅನಂತರ ಬೇರೊಂದು ದಿಕ್ಕಿಗೂ ತಲೆಬಾಗಿದರು. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತಿನ ಕಾರ್ಖಾನೆ ಸ್ಥಾಪಿತವಾಗಿತ್ತು. ದೇಶದ ಮೂಲೆಮೂಲೆಯ ಕಮ್ಮಟಗಳಿಗೆ ಅಲ್ಲಿಂದ ಲೇತುಗಳು ಹೋದವು. ಇವರು ಹದಿನೆಂಟರ ಪ್ರಾಯದಲ್ಲಿ ಹರಿಹರದ ಒಂದು ಸಣ್ಣ ಕಮ್ಮಟದಲ್ಲಿ ಕಸ ಗುಡಿಸುತ್ತ ಅಂಥದೊಂದು ಲೇತಿನ ಮುಂದೆ ನಿಂತು ವಿದ್ಯೆ ಕಲಿತವರು. ಕಾರ್ಖಾನೆ ಈಗ ಇಲ್ಲ. ಮುಚ್ಚಿ ಬಹಳ ವರ್ಷಗಳಾದವು.

ಆದರೆ ದಾವಣಗೆರೆಯ ಗ್ರೈಂಡಿಂಗ್ ಅಂಗಡಿಯೊಳಕ್ಕೆ ಕಾಲಿಟ್ಟೊಡನೆ ಮೂಲೆಯಲ್ಲಿ ಕಂಡದ್ದು ಅದೇ ಕಿರ್ಲೋಸ್ಕರ್ ಲೇತು. ಎಣ್ಣೆ ಕುಡಿದು ಕಪ್ಪಾಗಿ, ಒಬ್ಬ ಹುಡುಗನ ಕೈಯಲ್ಲಿ ಯಾವುದೋ ಪಂಪಿನ ಶಾಫ್ಟನ್ನು ತಿರುಗಿಸುತ್ತಿತ್ತು. ಎಚ್.ಎಂ.ಟಿ.ಯ ಕ್ರ್ಯಾಂಕ್ ಗೋಣಿಯಿಂದ ಹೊರಬಂದು ಅದರ ಎದುರಿನ ಸಾಣೆಯ ಯಂತ್ರಕ್ಕೇರಿತು. ಕೆಲಸ ನೋಡಲು ಸೊಗಸಾಗಿದೆ. ಕ್ರ್ಯಾಂಕಿನ ಪಿನ್ನು ನಟ್ಟನಡುವೆ ಇರುವುದಿಲ್ಲ, ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಇಡೀ ಕ್ರ್ಯಾಂಕನ್ನು ಅಷ್ಟೇ ಪಕ್ಕಕ್ಕೆ ಸರಿಸಿ ಹಿಡಿಯಬೇಕು. ಆಗ ಕ್ರ್ಯಾಂಕೆಲ್ಲ ಹುಚ್ಚು ಹಿಡಿದಂತೆ ಹೊಯ್ದಾಡುತ್ತ ಸುತ್ತಿದರೂ ಪಿನ್ನು ಮಾತ್ರ ನಿಂತಲ್ಲಿಯೇ ತಿರುಗುತ್ತದೆ. ಹಾಲಿನಂಥ ನೀರು ಸುರಿಯುತ್ತಿರಲು ಸಾಣೆಕಲ್ಲು ಮೆಲ್ಲನೆ ತಾಗಿತು. ಹತ್ತು ಕಿಡಿ, ನಿಲ್ಲಿಸಿ ಅಳತೆ. ಮತ್ತೆ ಹತ್ತು ಕಿಡಿ, ಮತ್ತೆ ಅಳತೆ. ಗೀರುಗಳು ಒಂದೊಂದಾಗಿ ಅಳಿದವು. ಕಡೆಯ ಒಂದು ಗೀರು ಹೋಗಲು ಬಹಳ ಹೊತ್ತು ಹಿಡಿಯಿತು. ಅಳತೆಯ ಮಿತಿಯೊಳಗೆ ಅದು ಹೋಗದಿದ್ದರೆ ಗುಜರಿಯವನದೇ ಗೆಲುವು. ಮೇಸ್ತ್ರಿ ಕುಳಿತಲ್ಲಿಂದ ಎದ್ದು ಬಾಗಿಲಾಚೆ ಹೋಗಿ ನಿಂತರು. ಅಂಗಡಿಯವನು ಯಂತ್ರ ನಿಲ್ಲಿಸಿ, ಒರೆಸಿ, ಮೈಕ್ರೋಮೀಟರನ್ನು ಎರಡು ಕಡೆಯಿಂದ ಹಿಡಿದು ನೋಡಿ, “ಬರ್ರಿ ಮೇಸ್ತ್ರಿ, ಕುಂತೈತಿ” ಎಂದಾಗಲೇ ಒಳಗೆ ಬಂದದ್ದು.

ಬಿಡಿಭಾಗಗಳಿಗಾಗಿ ನಾನು ಹೆದರಿದ್ದೆ. ಕಾರ್ಖಾನೆಯೇ ಇಲ್ಲದ ಮೇಲೆ ಲೈನರು ಎಲ್ಲಿಯದು? ಮಂಡಿಪೇಟೆಯ ಕಡೆಯ ಒಂದು ಅಂಗಡಿಯಲ್ಲಿ ಕೇಳಿದ ಅರ್ಧ ತಾಸಿನಲ್ಲಿ ಲೈನರು, ಪಿಸ್ಟನ್ನು, ಗ್ಯಾಸ್ಕೆಟ್ಟುಗಳ ಪೆಟ್ಟಿಗೆ ಕೈಗೆ ಬಂತು. ಪಂಜಾಬಿನ ಕಡೆಯ ಸಣ್ಣ ಕಾರ್ಖಾನೆಗಳು ಹಳೆಯ ಜೆಟರಿನ ಭಾಗಗಳನ್ನು ಇನ್ನೂ ಎರಕ ಹೊಯ್ಯುತ್ತಿವೆ. ಶೆಲ್ಲು ಮಾತ್ರ, ಕಡೆಯ ಅಳತೆಯದಾದ್ದರಿಂದ, ನಾಲ್ಕು ದಿನಗಳ ಮೇಲೆ ಬಂತು. ಆ ನಾಲ್ಕು ದಿನ ಮನೆಯಲ್ಲಿ ಎಲ್ಲರೂ ಆಕಾಶವನ್ನು ನೋಡಿ ದಿನ ಕಳೆದರು. ಪಡುವಣದಲ್ಲಿ ಸಂಜೆಗೊಮ್ಮೆ ಮೋಡ ಕಟ್ಟಿ ಗುಡುಗಿ ಚದುರುತ್ತಿತ್ತು. ಬರಲೆಂದು ಬೇಡಿಕೊಳ್ಳುವ ಮಳೆಯನ್ನು “ಇನ್ನೆರಡು ದಿನ ತಡಿಯಪಾ” ಎಂದು ಬೇಡಿಕೊಂಡ ಮನೆಯನ್ನು ನಾನು ಕಂಡದ್ದು ಅದೊಂದೇ.

ಜೋಡಣೆಯನ್ನು ಬಿಡಿಬಿಡಿಯಾಗಿ ಹೇಳಿ ಓದುಗರನ್ನು ದಣಿಸುವುದಿಲ್ಲ. ಒಂದೆರಡು ಮಾತು ಸಾಕು. ಹೊಸ ಬಳೆಗಳನ್ನು ಹಾಕುವ ಮೊದಲು ಮೇಸ್ತ್ರಿ ಅವು ಕೂಡುವ ಜಾಗವನ್ನು ಅರ್ಧ ದಿನ ಬಟ್ಟೆಯಿಂದ ತಿಕ್ಕಿದರು. ತುಕ್ಕಿನ ಒಂದು ಚೂರು ಉಳಿದರೂ ಬಳೆ ಮೊದಲ ದಿನವೇ ಕೊಯ್ದು ಹೋಗುತ್ತದೆ. ಲೈನರಿನ ತಲೆ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು; ಆಗಲೇ ಹೆಡ್ಡು ಅದನ್ನು ಒತ್ತಿ ಹಿಡಿದೀತು. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಮೂರು ಸುತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಕಡೆಯ ಸುತ್ತನ್ನು ಮೇಸ್ತ್ರಿ ಮೊಮ್ಮಗಳ ಕೈಯಿಂದ ಮಾಡಿಸಿದರು. ಅವರ ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ; ಪೆಟ್ಟಿಗೆ ಹೊರಲು ಹುಡುಗನೊಬ್ಬನಿದ್ದವನು ಎರಡು ವರ್ಷದ ಹಿಂದೆ ಬಿಟ್ಟುಹೋದ. ಹುಡುಗಿ ಸನ್ನೆ ಹಿಡಿದು ತೂಗುವುದನ್ನು ನೋಡುತ್ತಿದ್ದ ಅತ್ತೆ, “ಮೈಗೆಲ್ಲ ಎಣ್ಣಿ ಮಾಡಿಕೊಂಡೈತಿ, ನೋಡ್ರಿ” ಎಂದು ನನ್ನೊಡನೆ ದೂರಿದರು. ದೂರಿನಲ್ಲಿ ಹೆಚ್ಚು ಕಟುವಿರಲಿಲ್ಲ.

ಮೇ 27ರ ಸಂಜೆ ಎಂಜಿನ್ನು ಹೊರಡಿಸುವ ಹೊತ್ತು. ಡೀಸೆಲ್ಲಿನ ದಾರಿಯಲ್ಲಿ ಗಾಳಿಯ ಒಂದು ಗುಳ್ಳೆಯಿದ್ದರೂ ಎಂಜಿನ್ನು ಎದ್ದೇಳುವುದಿಲ್ಲ. ಫಿಲ್ಟರಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕಡೆಗೆ ತಿಳಿಯಾದ ಎಣ್ಣೆ. ನಾಝಲಿನ ನಟ್ಟುಗಳಲ್ಲಿಯೂ ಹೀಗೆಯೇ. ಮಾವ ಸೀಟಿನ ಮೇಲೆ ಕುಳಿತು ಗುಂಡಿಯೊತ್ತಿದರು. ಎರಡು ಸಲ ಬರಿಯ ಗೊರಗೊರ. ಮೂರನೆಯ ಸಲ ಒಂದು ಸಿಲಿಂಡರು ಕೆಮ್ಮಿತು. ಬೆಳ್ಳನೆಯ ಹೊಗೆ ಬೇವಿನೆಲೆಗಳ ನಡುವೆ ಏರಿತು. ಇನ್ನೊಂದು ಸಿಲಿಂಡರು ಸೇರಿಕೊಂಡಿತು. ಎರಡೇ ಸಿಲಿಂಡರಿನ ಎಂಜಿನ್ನಿನ ದನಿ ಈಗಿನ ಯಂತ್ರಗಳಂತೆ ಒಂದೇ ಗುಂಯ್‌ಗುಟ್ಟುವುದಿಲ್ಲ. ಒಂದೊಂದು ಬಡಿತವೂ ಬಿಡಿಯಾಗಿ ಎಣಿಸುವಂತೆ ಕೇಳುತ್ತದೆ. ಪಕ್ಕದ ಹೊಲದಿಂದ ಯಾರೋ ಕೈಯೆತ್ತಿ ಕೂಗಿದರು.

ರೋಹಿಣಿ ಮಳೆ ಬಂದದ್ದು ಅದರ ಮರುರಾತ್ರಿ. ಮೂರನೆಯ ದಿನಕ್ಕೆ ಹದ.

ಇಲ್ಲಿ ಮತ್ತೊಂದು ತೊಡಕು. ಹೊಸ ಪಿಸ್ಟನ್ನು, ಹೊಸ ಶೆಲ್ಲುಗಳು ಒಂದಕ್ಕೊಂದು ಒಗ್ಗುವ ತನಕ ಎಂಜಿನ್ನಿಗೆ ಭಾರ ಹಾಕಬಾರದು. ರಂಟೆ ಕಟ್ಟಿ ಆಳವಾಗಿ ಉಳುವಂತಿಲ್ಲವೆಂದು ಮೇಸ್ತ್ರಿಯ ಅಪ್ಪಣೆ. ಮಾವ ತಂದೆ ಮಾಡುತ್ತಿದ್ದಂತೆ ಬರಿಯ ಕುಂಟೆ ಹೊಡೆಯಲು ನಿರ್ಧರಿಸಿದರು. ಮೇಲ್ಮಣ್ಣು ಸಡಿಲವಾದರೆ ಬಿತ್ತಿಗೆಗೆ ಸಾಕು. ಆಳದ ಉಳುಮೆ ಮುಂದಿನ ಬೇಸಗೆಗೆ. ಮಗ ಬೆಳಗಿನ ಐದಕ್ಕೆ ಟ್ರಾಕ್ಟರು ಹೊರಡಿಸಿದ. ಎರಡು ತಾಸಿಗೊಮ್ಮೆ ನಿಲ್ಲಿಸಿ ತಣಿಸುವನು. ಮೊಮ್ಮಗಳು ಎಣ್ಣೆಯ ಮಟ್ಟ ನೋಡುವಳು. ರಸ್ತೆಯಾಚೆಯ ಹೊಲಗಳಲ್ಲಿ ಹೊಸ ಟ್ರಾಕ್ಟರುಗಳು ಎರಡು ಪಟ್ಟು ವೇಗದಲ್ಲಿ ಓಡಾಡುತ್ತಿದ್ದವು. ಬಾಡಿಗೆಯ ಟ್ರಾಕ್ಟರಿಗಾಗಿ ಕಾದಿದ್ದ ಒಬ್ಬರು ನಮ್ಮ ಬದುವಿನ ಮೇಲೆ ಬಂದು ಕುಳಿತು, ತಮ್ಮ ಎರಡೆಕರೆಗೆ ಸಂಜೆ ಸರದಿ ಸಿಕ್ಕೀತೇ ಎಂದು ಕೇಳಿದರು. ಮಾವ ಟ್ರಾಕ್ಟರನ್ನು ಒಮ್ಮೆ ನೋಡಿ, “ನಾಳಿಗೆ ನೋಡೂಣು. ಇವತ್ತು ಅದಕ್ಕ ದಣುವಾಗತೈತಿ” ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ಹನ್ನೆರಡೆಕರೆಯೂ ಮುಗಿಯಿತು. ಅದರ ಮಾರನೆಯ ದಿನ ಆ ಎರಡೆಕರೆ. ನಾನು ಊರಿಗೆ ಹೊರಟ ಬೆಳಗ್ಗೆ ಮೇಸ್ತ್ರಿ ಬಂದು ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ತಳದ ತಿರುಪನ್ನು ಮೊದಲಿನಂತೆಯೇ ಸ್ವಲ್ಪ ಸಡಿಲಿಸಿದರು. ನಾವೆಲ್ಲ ಬಗ್ಗಿ ನಿಂತಿದ್ದೆವು. ಅವರ ಅಂಗೈಗೆ ಮೊದಲ ಹನಿಯಾಗಿ ಬಿದ್ದದ್ದು ಎಣ್ಣೆ. ಅದನ್ನು ಬೆರಳಿನಿಂದ ಹರಡಿ, ಬಿಸಿಲಿಗೆ ಹಿಡಿದು ನೋಡಿ, ಹುಡುಗಿಯ ಕೈಗೆ ಒರೆಸುವ ಬಟ್ಟೆಯನ್ನೂ ಸನ್ನೆಯನ್ನೂ ಕೊಟ್ಟು, ತಿರುಪನ್ನು ಬಿಗಿಯಲು ಹೇಳಿ ಮೇಸ್ತ್ರಿ ಕೈ ತೊಳೆದುಕೊಳ್ಳಲು ಹೋದರು.